ಅಲಿ ಮತ್ತು ಜೋ ಲೂಯಿಸ್: ನಾನು ಆಡಿಸಿದ ಎರಡು ಪಂದ್ಯ

ಮಹಮ್ಮದ್ ಅಲಿ ಮತ್ತು ಜೋ ಲೂಯಿಸ್ ಎದುರುಬದುರಾಗಿದ್ದರೆ ಯಾರು ಗೆಲ್ಲುತ್ತಿದ್ದರು? ಇಬ್ಬರೂ ಬೇರೆ ಬೇರೆ ಕಾಲದ ಹೆವಿವೇಟ್ (ಅತಿ ಭಾರದ ವರ್ಗ) ಬಾಕ್ಸಿಂಗ್ ಚಾಂಪಿಯನ್ನರು. ಬಾಕ್ಸಿಂಗ್ ಹುಚ್ಚಿರುವ ಯಾರನ್ನಾದರೂ ಕೇಳಿ, ಥಟ್ಟನೆ ಉತ್ತರ ಬರುತ್ತದೆ. ಅದರಲ್ಲಿ ಅಭಿಮಾನ ಇರುತ್ತದೆ, ಪಂದ್ಯ ಇರುವುದಿಲ್ಲ. ವಿಶ್ವನಾಥ್ ದೊಡ್ಡವರೋ ದ್ರಾವಿಡ್ ದೊಡ್ಡವರೋ ಎಂದು ಕಾಫಿ ಆರುವವರೆಗೆ ಜಗಳವಾಡುತ್ತೇವಲ್ಲ, ಆ ಥರ. ನನಗೆ ಬೇಕಿದ್ದದ್ದು ಪಂದ್ಯ. ಮೊದಲ ಗಂಟೆಯ ಸದ್ದಿನಿಂದ ಕೊನೆಯ ಸದ್ದಿನವರೆಗೆ, ರೌಂಡ್ ರೌಂಡಾಗಿ, ನೋಟ್‌ಬುಕ್ಕಿನಲ್ಲಿ ಬರೆದದ್ದು.

ಈ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿದವರೂ ಇದ್ದಾರೆ. 1967ರಲ್ಲಿ ಮಯಾಮಿಯ ರೇಡಿಯೊ ನಿರ್ಮಾಪಕ ಮರ್ರಿ ವೊರೊನರ್ ಬೇರೆ ಬೇರೆ ಕಾಲದ ಹೆವಿವೇಟ್ ಚಾಂಪಿಯನ್ನರ ಟೂರ್ನಿಯೊಂದನ್ನು ಕಂಪ್ಯೂಟರಿನಲ್ಲಿ ನಡೆಸಿ ರೇಡಿಯೊದಲ್ಲಿ ಬಿತ್ತರಿಸಿದ. ಅದರಲ್ಲಿ ಅಲಿ, ಶತಮಾನದ ಆರಂಭದ ಚಾಂಪಿಯನ್ ಜಿಮ್ ಜೆಫ್ರೀಸ್‌ಗೆ ಸೋತ! ಸುಮ್ಮನಿರುವ ಜಾಯಮಾನ ಅವನದಲ್ಲ, ಮೊಕದ್ದಮೆ ಹೂಡಿದ. ರಾಜಿಯಾಗಿ, 1969ರಲ್ಲಿ ಅಲಿ ಮತ್ತು ನಿವೃತ್ತ ಚಾಂಪಿಯನ್ ರಾಕಿ ಮಾರ್ಸಿಯಾನೊ ಕ್ಯಾಮೆರಾ ಮುಂದೆ ಹೊಡೆದಾಡುವ ನಟನೆ ಮಾಡಿದರು. ಮಾರ್ಸಿಯಾನೊ ಮೈ ಇಳಿಸಿ, ತಲೆಗೆ ವಿಗ್ ಹಾಕಿಕೊಂಡು ಬಂದಿದ್ದ. ಚಿತ್ರ ತೆರೆಗೆ ಬರುವ ಮೊದಲೇ ಆತ ವಿಮಾನ ಅಪಘಾತದಲ್ಲಿ ತೀರಿಕೊಂಡ. 1970ರ ಜನವರಿಯಲ್ಲಿ ಅಮೆರಿಕದ ಥಿಯೇಟರುಗಳಲ್ಲಿ ಮಾರ್ಸಿಯಾನೊ 13ನೇ ರೌಂಡಿನಲ್ಲಿ ನಾಕೌಟ್‌ನಿಂದ ಗೆದ್ದ. ಬ್ರಿಟನ್ನಿನಲ್ಲಿ ತೋರಿಸಿದ ಪ್ರತಿಯಲ್ಲಿ ಅಲಿ ಗೆದ್ದ. ಪ್ರೇಕ್ಷಕರು ಯಾರೆಂದು ನೋಡಿ ಫಲಿತಾಂಶ ಬರೆಯುವ ಯಂತ್ರಕ್ಕಿಂತ ನನ್ನ ಪೆನ್ಸಿಲ್ ವಾಸಿ ಎಂದುಕೊಂಡೆ.

ನಾನು ಮೊದಲು ಮಾಡುವುದು ತಾರೀಖು ಗೊತ್ತುಮಾಡುವ ಕೆಲಸ. ‘ಅಲಿ’ ಎಂದರೆ ಯಾವ ಅಲಿ? 1980ರಲ್ಲಿ ಲ್ಯಾರಿ ಹೋಮ್ಸ್ ಕೈಲಿ ಏಟು ತಿಂದು, ರೌಂಡುಗಳ ನಡುವೆ ಕೂರುವ ಸ್ಟೂಲಿನಿಂದ ಏಳದೆ ಉಳಿದವನೂ ಅಲಿಯೇ. ನಾನು ಆರಿಸಿದ್ದು 1966ರ ನವೆಂಬರ್ 14ರ ಅಲಿಯನ್ನು: ಹ್ಯೂಸ್ಟನ್ನಿನ ಆಸ್ಟ್ರೋಡೋಮಿನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರೇ ರೌಂಡಿನಲ್ಲಿ ಮುಗಿಸಿದವನು. ಲೂಯಿಸ್‌ಗೆ 1938ರ ಜೂನ್ 22. ಯಾಂಕೀ ಸ್ಟೇಡಿಯಮ್ಮಿನಲ್ಲಿ ಮ್ಯಾಕ್ಸ್ ಶ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮಲಗಿಸಿದ ರಾತ್ರಿ. ಇಬ್ಬರಿಗೂ ಆಗ 24 ವರ್ಷ. ಇದು ನಾನು ಹುಡುಕಿ ಹೊಂದಿಸಿದ್ದಲ್ಲ, ತಾನಾಗಿ ಹೊಂದಿಕೊಂಡಿತು.

ಆಮೇಲೆ ನಿಯಮ. ಎಷ್ಟು ರೌಂಡು ಎನ್ನುವುದು ಸಣ್ಣ ವಿಷಯವಲ್ಲ. 1941ರಲ್ಲಿ ಲೂಯಿಸ್‌ನ ಪಟ್ಟಕ್ಕೆ ಸವಾಲು ಹಾಕಿದ ಬಿಲ್ಲಿ ಕಾನ್, 12 ರೌಂಡು ಮುಗಿದಾಗ ಅಂಕ ಕೊಡುವ ಮೂವರ ಪೈಕಿ ಇಬ್ಬರ ಲೆಕ್ಕದಲ್ಲಿ ಲೂಯಿಸ್‌ಗಿಂತ ಮುಂದಿದ್ದ, ಮೂರನೆಯವರಲ್ಲಿ ಸಮ. 13ನೇ ರೌಂಡಿನಲ್ಲಿ ತಾನೂ ನಾಕೌಟ್ ಮಾಡುತ್ತೇನೆಂದು ಹೊರಟು ಮಲಗಿದ. ಈಗಿನ 12 ರೌಂಡಿನ ಲೆಕ್ಕ ಹಿಡಿದರೆ ಚಾಂಪಿಯನ್ ಪಟ್ಟ ಅವತ್ತೇ ಕಾನ್‌ನ ಪಾಲು. ನಾನು 15 ರೌಂಡೇ ಇಟ್ಟೆ. ಇಬ್ಬರೂ ಅಷ್ಟಕ್ಕೇ ತಯಾರಾಗುತ್ತಿದ್ದವರು. ರೆಫ್ರಿಯೂ ಮುಖ್ಯ. ಅಲಿ ಹತ್ತಿರ ಬಂದವನ ಕುತ್ತಿಗೆಗೆ ಕೈ ಹಾಕಿ ಎಳೆದುಕೊಳ್ಳುತ್ತಿದ್ದ. ಅದನ್ನು ಸಹಿಸುವ ರೆಫ್ರಿ ಇದ್ದರೆ ಲೂಯಿಸ್‌ನ ಅರ್ಧ ಬಲ ಹೋದಂತೆ. ಅದಕ್ಕೇ ಕ್ಲಿಂಚ್ ಆದ (ಒಬ್ಬರನ್ನೊಬ್ಬರು ತಬ್ಬಿ ಹಿಡಿದ) ಕೂಡಲೇ ಬಿಡಿಸುವವನನ್ನು ನಿಲ್ಲಿಸಿದೆ.

ನಿಜವಾದ ಕೆಲಸ ಶುರುವಾಗುವುದು ಇಲ್ಲಿಂದ. ಗೆದ್ದ ಪಂದ್ಯಗಳನ್ನು ನಾನು ಹೆಚ್ಚು ನೋಡುವುದಿಲ್ಲ. ಗೆದ್ದವನು ತನಗೆ ಬೇಕಾದ್ದನ್ನು ಮಾತ್ರ ತೋರಿಸುತ್ತಾನೆ. ಒದ್ದಾಡಿದ ಪಂದ್ಯಗಳನ್ನು ನಿಧಾನಗತಿಯಲ್ಲಿ ಹಾಕಿ, ಮತ್ತೆ ಹಿಂದಕ್ಕೆ ಹೋಗಿ ನೋಡುತ್ತೇನೆ. 1936ರಲ್ಲಿ ಶ್ಮೆಲಿಂಗ್ ಲೂಯಿಸ್‌ನನ್ನು ಬೀಳಿಸಿದ್ದು ಹೇಗೆ? ಲೂಯಿಸ್ ಜಾಬ್ (ಮುಂದಿನ ಕೈಯ ನೇರ, ಚುರುಕು ಏಟು) ಬೀಸಿ ಎಡಗೈಯನ್ನು ಕೆಳಗಿಂದ ಹಿಂದಕ್ಕೆ ತರುತ್ತಿದ್ದ. ಅದರ ಮೇಲಿಂದ ಬಲಗೈ ಬಂತು. ಅಲಿಯನ್ನು 1963ರಲ್ಲಿ ಹೆನ್ರಿ ಕೂಪರ್, 1971ರಲ್ಲಿ ಜೋ ಫ್ರೇಜಿಯರ್ ಕೆಳಗೆ ಹಾಕಿದ್ದು ಎಡ ಹುಕ್ಕಿನಿಂದ, ಅಂದರೆ ಮೊಣಕೈ ಬಗ್ಗಿಸಿ ಪಕ್ಕದಿಂದ ಬೀಸುವ ಏಟಿನಿಂದ. ಕೈ ಇಳಿಬಿಟ್ಟು, ತಲೆಯನ್ನು ನೇರ ಹಿಂದಕ್ಕೆ ಸರಿಸಿ ತಪ್ಪಿಸಿಕೊಳ್ಳುವ ಅಭ್ಯಾಸ ಅವನದು. ಬಾಕ್ಸಿಂಗ್ ಕಲಿಸುವ ಯಾರೂ ಇದನ್ನು ಒಪ್ಪುವುದಿಲ್ಲ. ಕಾಲಿನ ವೇಗ ಇರುವವರೆಗೆ ನಡೆಯಿತು.

ಅಂದರೆ ಇಬ್ಬರ ಬಾಗಿಲೂ ಎದುರಾಳಿಗೆ ಬೇಕಾದ ಕಡೆಯೇ ತೆರೆದಿದೆ. ಅಲಿಗೆ ಜಾಬ್ ಇಲ್ಲದೆ ಮೊದಲೇ ಬಲಗೈ ನೇರವಾಗಿ ಬಿಡುವ ಧೈರ್ಯವಿತ್ತು. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಚಾಂಪಿಯನ್ ಜಾರ್ಜ್ ಫೋರ್‌ಮನ್ ಮೇಲೆ ಮೊದಲ ರೌಂಡಿನಲ್ಲೇ ಅದನ್ನು ಪ್ರಯೋಗಿಸಿದ. ಲೂಯಿಸ್‌ನ ಎಡ ಹುಕ್ಕೋ, ಕೂಪರನದಕ್ಕಿಂತ ಗಿಡ್ಡ. ಎಲ್ಲಿಂದ ಹೊರಟಿತೆಂದು ಕಾಣುವುದೇ ಕಷ್ಟ.

ಮೊದಲ ಪಂದ್ಯ ಸಲೀಸಾಗಿ ಬರೆಯಿಸಿಕೊಂಡಿತು. ಓಡಾಡುವವರನ್ನು ಕಂಡರೆ ಲೂಯಿಸ್‌ಗೆ ಕಷ್ಟ: 1937ರಲ್ಲಿ ಬಾಬ್ ಪಾಸ್ಟರ್ 10 ರೌಂಡು ಕೈಗೆ ಸಿಗಲಿಲ್ಲ, 1947ರಲ್ಲಿ ಜರ್ಸಿ ಜೋ ವಾಲ್ಕಾಟ್ ಅವನನ್ನು ಎರಡು ಸಲ ಕೆಳಗೆ ಹಾಕಿದ. ಅಲಿ ಅವರೆಲ್ಲರಿಗಿಂತ ಎತ್ತರ, ಎಲ್ಲರಿಗಿಂತ ವೇಗ. ಮೊದಲ ಎಂಟು ರೌಂಡಿನಲ್ಲಿ ಆರು ಅಲಿಗೆ ಕೊಟ್ಟೆ. 11ನೇ ರೌಂಡಿನಲ್ಲಿ ಹಗ್ಗದ ಹತ್ತಿರ ತಲೆ ಹಿಂದಕ್ಕೆಳೆದಾಗ ಲೂಯಿಸ್‌ನ ಹುಕ್ ಸಿಕ್ಕಿತು, ಅಲಿ ಬಿದ್ದ. ಎದ್ದನೇ? ಫ್ರೇಜಿಯರನ ಆ 15ನೇ ರೌಂಡಿನ ಹುಕ್ಕಿನ ನಂತರ ಅವನು ಎಷ್ಟು ಬೇಗ ಎದ್ದು ನಿಂತ ನೋಡಿ, ಅನುಮಾನವೇ ಉಳಿಯುವುದಿಲ್ಲ. ಅಲಿ ಪಾಯಿಂಟ್ಸ್ ಮೇಲೆ ಗೆದ್ದ. ಬಿಗಿಯಾಗಿ, ಆದರೆ ನ್ಯಾಯವಾಗಿ.

ಇದನ್ನು ಓದಿದ ಗೆಳೆಯನೊಬ್ಬ, “ಮರುಪಂದ್ಯ ಎಲ್ಲಪ್ಪಾ?” ಎಂದ. ತಮಾಷೆಗೆ ಕೇಳಿದ್ದು, ಆದರೆ ಸರಿಯಾದ ಜಾಗಕ್ಕೇ ಬಿತ್ತು. ಲೂಯಿಸ್ ಎರಡನೇ ಸಲ ಬೇರೆಯೇ ಮನುಷ್ಯ. ಶ್ಮೆಲಿಂಗ್‌ಗೆ ಎರಡನೇ ಸಲ ಒಂದೇ ರೌಂಡು. ಕೈಗೆ ಸಿಗದ ಪಾಸ್ಟರ್ 1939ರಲ್ಲಿ 11ನೇ ರೌಂಡಿಗೆ ಮುಗಿದ. 1940ರ ಫೆಬ್ರವರಿಯಲ್ಲಿ ಬಗ್ಗಿ ಬಗ್ಗಿ 15 ರೌಂಡು ಉಳಿದ ಆರ್ತುರೊ ಗೊಡೊಯ್ ಜೂನ್‌ನಲ್ಲಿ ಎಂಟನೆಯದನ್ನು ದಾಟಲಿಲ್ಲ. ವಾಲ್ಕಾಟ್ 1948ರಲ್ಲಿ 11ನೇ ರೌಂಡಿಗೆ. ಒಮ್ಮೆ ಕಂಡ ಆಟವನ್ನು ಈ ಮನುಷ್ಯ ಮರೆಯುತ್ತಿರಲಿಲ್ಲ. ಟ್ರೇನರ್ ಜಾಕ್ ಬ್ಲ್ಯಾಕ್‌ಬರ್ನ್ ಬದುಕಿದ್ದಷ್ಟು ಕಾಲ ಮರೆಯಲು ಬಿಡುತ್ತಲೂ ಇರಲಿಲ್ಲ.

ಹಾಗಾಗಿ ಎರಡನೇ ಪಂದ್ಯದಲ್ಲಿ ಲೂಯಿಸ್ ತಲೆಯ ಬೆನ್ನು ಹತ್ತುವುದಿಲ್ಲ. ರಿಂಗನ್ನು ಅಡ್ಡಗಟ್ಟಿ, ಸಣ್ಣ ಹೆಜ್ಜೆಯಲ್ಲಿ ಮೂಲೆಗೆ ತಂದು, ಪಕ್ಕೆಗೆ ಹೊಡೆಯುತ್ತಾನೆ. ಪಕ್ಕೆ ಹಿಂದಕ್ಕೆ ಸರಿಯುವುದಿಲ್ಲವಲ್ಲ. ಹತ್ತನೇ ರೌಂಡಿನ ಹೊತ್ತಿಗೆ ಅಲಿಯ ಕಾಲು ಭಾರ. ಎರಡು ಸಲ ಬೀಳುತ್ತಾನೆ, ಎರಡೂ ಸಲ ಏಳುತ್ತಾನೆ. ಅಲಿಯನ್ನು ಹತ್ತು ಎಣಿಸಿ ಹೊರಗೆ ಹಾಕಿದವರು ಅವನ ಇಡೀ ವೃತ್ತಿಯಲ್ಲಿ ಒಬ್ಬರೂ ಇಲ್ಲ, ನನ್ನ ಪೆನ್ಸಿಲ್ಲಿಗೂ ಆ ಹಕ್ಕು ಇಲ್ಲ. 15 ರೌಂಡಿನ ಕೊನೆಗೆ ಲೂಯಿಸ್‌ನ ಕೈ ಮೇಲಕ್ಕೆ.

ಗೆಳೆಯನಿಗೆ ಸಮಾಧಾನವಿಲ್ಲ. ಅಲಿಯೂ ಎರಡನೇ ಸಲ ಕಲಿತು ಬರುತ್ತಿದ್ದವನಲ್ಲವೇ ಎನ್ನುತ್ತಾನೆ: ತನ್ನನ್ನು ಸೋಲಿಸಿದ ಕೆನ್ ನಾರ್ಟನ್, ಫ್ರೇಜಿಯರ್, ಲಿಯಾನ್ ಸ್ಪಿಂಕ್ಸ್ ಮೂವರಿಗೂ ಮರುಪಂದ್ಯದಲ್ಲಿ ಉತ್ತರ ಕೊಟ್ಟ. ಒಪ್ಪುತ್ತೇನೆ, ಆದರೆ ಅವೆಲ್ಲ ಸೋಲಿನಿಂದ ಕಲಿತದ್ದು. ನನ್ನ ನೋಟ್‌ಬುಕ್ಕಿನ ಅಲಿ ಮೊದಲನೆಯದನ್ನು ಗೆದ್ದಿದ್ದಾನೆ. ಸೋತಿರುವುದು ಈಗ. ಫ್ರೇಜಿಯರ್, ನಾರ್ಟನ್ ಇಬ್ಬರನ್ನೂ ಮೂರನೇ ಸಲವೂ ಎದುರಿಸಿ ಗೆದ್ದ ಅನುಭವ ಅಲಿಗಿದೆ. ಲೂಯಿಸ್ ಪಟ್ಟಕ್ಕಾಗಿ ಯಾರ ಜೊತೆಗೂ ಮೂರನೇ ಸಲ ಇಳಿದವನಲ್ಲ. ಮೂರನೇ ಪಂದ್ಯಕ್ಕೆ ಹಾಳೆ ಬಿಟ್ಟಿದ್ದೇನೆ. ರೆಫ್ರಿ ಯಾರೆಂಬ ಜಗಳ ಇನ್ನೂ ಮುಗಿದಿಲ್ಲ.