ಮುಲಾಮಿಗೆ ಯಾವ ಚೆಂಡು ಹೂವು, ಎಷ್ಟು ಒಣಗಿರಬೇಕು

ಚೆಂಡು ಹೂವಿನ ಔಷಧ ಎಂದಾಗ ಎರಡು ಬೇರೆ ಗಿಡಗಳು ಬೆರೆತುಹೋಗುತ್ತವೆ. ಚರ್ಮಕ್ಕೆ ಹಚ್ಚುವ ಮುಲಾಮಿಗೆ ಬೇಕಾದದ್ದು ಕ್ಯಾಲೆಂಡುಲಾ. ಘಾಟು ವಾಸನೆ, ಸೀಳು ಎಲೆ ಇರುವುದು ಟ್ಯಾಜೆಟಿಸ್, ಅಂದರೆ ಹಾರಕ್ಕೆ ಕಟ್ಟುವ ಚೆಂಡು ಹೂವು. ಬೀಜ ನೋಡಿದರೆ ಅನುಮಾನವೇ ಉಳಿಯದು: ಟ್ಯಾಜೆಟಿಸ್‌ನದು ಕಪ್ಪಗೆ, ಸೂಜಿಯಂತೆ ನೆಟ್ಟಗೆ, ಕ್ಯಾಲೆಂಡುಲಾದ್ದು ಕೊಕ್ಕೆಯಂತೆ ಬಾಗಿ ಒರಟೊರಟು. ಟ್ಯಾಜೆಟಿಸ್‌ನಲ್ಲಿ ಲೂಟೀನ್ ಎಂಬ ಹಳದಿ ಬಣ್ಣದ ಅಂಶ ಹೇರಳವಾಗಿದ್ದರೂ ಅದರಲ್ಲಿರುವ ಥಯೋಫೀನ್ ಎಂಬ ಗಂಧಕದ ಸಂಯುಕ್ತಗಳು ಬಿಸಿಲು ತಾಗಿದಾಗ ಚರ್ಮವನ್ನು ಕೆರಳಿಸಬಲ್ಲವು. ಅದನ್ನು ಮೈಗೆ ಹಚ್ಚಲು ನಾನು ಬಳಸುವುದಿಲ್ಲ.

ಇಬ್ಬನಿ ಆರಿದ ಮೇಲೆ, ಪೂರ್ತಿ ಅರಳಿದ ಹೂ ಕೀಳುತ್ತೇನೆ. ಬೆರಳಿಗೆ ಅಂಟಂಟು ಹತ್ತಬೇಕು. ಆ ರಾಳ ಹೂವಿನ ಹಸಿರು ಬುಡದಲ್ಲೇ ಹೆಚ್ಚು, ಅದಕ್ಕೇ ಎಸಳು ಬಿಡಿಸದೆ ಇಡೀ ಹೂವನ್ನು ನೆರಳಲ್ಲಿ ಹರಡುತ್ತೇನೆ. ಮುಂದೆ ಹೂ ನೆನೆಸುವ ಎಣ್ಣೆ ಕೆಡುವುದೂ ಈ ಬುಡದಲ್ಲಿ ಉಳಿದ ತೇವದಿಂದಲೇ. ಎಸಳು ನಾಲ್ಕೈದು ದಿನಕ್ಕೆ ಗರಿಗರಿಯಾಗುತ್ತದೆ, ಬುಡ ಒಳಗೆ ಹಸಿಯಾಗಿಯೇ ಇರುತ್ತದೆ. ಮುರಿದರೆ ಚಟ್ಟೆಂದು ಒಡೆಯಬೇಕು, ಬಾಗಬಾರದು. ಇನ್ನೂ ಸಂಶಯವಿದ್ದರೆ ಗಾಜಿನ ಬಾಟಲಿಯಲ್ಲಿ ಮುಚ್ಚಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಒಳಗೋಡೆಯಲ್ಲಿ ಆವಿ ಕಂಡರೆ ಮತ್ತೆ ಹರಡಿ.

25 ಗ್ರಾಂ ಒಣ ಹೂವಿಗೆ 250 ಮಿ.ಲೀ. ಎಳ್ಳೆಣ್ಣೆ ಅಥವಾ ಆಲಿವ್ ಎಣ್ಣೆ. ಹೂವನ್ನು ಕೈಯಲ್ಲೇ ಪುಡಿಮಾಡಿ, ಎಣ್ಣೆಯಲ್ಲಿ ಪೂರ್ತಿ ಮುಳುಗಿಸಿ, ಬಿಸಿನೀರಿನ ಪಾತ್ರೆಯಲ್ಲಿ ಬಾಟಲಿಯಿಟ್ಟು 45–50 ಡಿಗ್ರಿಯಲ್ಲಿ ನಾಲ್ಕೈದು ಗಂಟೆ ಬಿಡುತ್ತೇನೆ. ಮುಚ್ಚಳ ಸಡಿಲವಾಗಿರಲಿ, ನೀರು ಹನಿಯೂ ಒಳಗೆ ಬೀಳಬಾರದು. ಕರಿದ ವಾಸನೆ ಬಂದರೆ ಬಿಸಿ ಜಾಸ್ತಿಯಾಯಿತೆಂದೇ ಅರ್ಥ. ಬಟ್ಟೆಯಲ್ಲಿ ಸೋಸಿ ರಾತ್ರಿಯಿಡೀ ಕದಡದೆ ಇಟ್ಟು, ತಳದ ಒಂದು ಚಮಚ ಮಂಕು ಎಣ್ಣೆಯನ್ನು ಚೆಲ್ಲುತ್ತೇನೆ. ತೇವ ಉಳಿದಿದ್ದರೆ ಅದು ಅಲ್ಲೇ ಇರುತ್ತದೆ.

ಮುಲಾಮಿಗೆ 100 ಮಿ.ಲೀ. ಎಣ್ಣೆಗೆ 12 ಗ್ರಾಂ ಜೇನುಮೇಣ. ಮೇಣ ಕರಗಿದೊಡನೆ ತಣ್ಣನೆ ಚಮಚದ ಮೇಲೆ ಒಂದು ಹನಿ ಬಿಟ್ಟು ನೋಡಿ. ಗಟ್ಟಿಯೆನಿಸಿದರೆ ಎಣ್ಣೆ, ಸಡಿಲವೆನಿಸಿದರೆ ಮೇಣ ಸೇರಿಸಿ.

ಇದು ತರಚು ಗಾಯ, ಒಡೆದ ಚರ್ಮ, ಬಿಸಿಲಿಗೆ ಕೆಂಪಾದ ಮೈಗೆ. ಬಾಯಿಹುಣ್ಣಿಗಾದರೆ 1–2 ಗ್ರಾಂ ಒಣ ಎಸಳನ್ನು 150 ಮಿ.ಲೀ. ಕುದಿನೀರಿನಲ್ಲಿ ಹತ್ತು ನಿಮಿಷ ಮುಚ್ಚಿಟ್ಟು, ಸೋಸಿ, ಉಗುರುಬೆಚ್ಚಗೆ ಬಾಯಿ ಮುಕ್ಕಳಿಸುವುದು. ಆಳದ ಗಾಯ, ಕೀವು ತುಂಬಿದ ಗಾಯಕ್ಕೆ ಮುಲಾಮು ಹಚ್ಚಬೇಡಿ, ವೈದ್ಯರಿಗೆ ತೋರಿಸಿ. ಸೇವಂತಿಗೆ, ಸೂರ್ಯಕಾಂತಿ ಜಾತಿಯ ಗಿಡಗಳ ಅಲರ್ಜಿ ಇರುವವರಿಗೆ ಇದು ಬೇಡ. ಉಳಿದವರೂ ಮೊದಲು ಮೊಣಕೈ ಒಳಮಗ್ಗುಲಿಗೆ ಚೂರು ಹಚ್ಚಿ ಒಂದು ದಿನ ಕಾಯಿರಿ.