ತಿರುಗುವ ಕಪ್ಪುಕುಳಿಯ ಸುತ್ತ ಕೊನೆಯ ಸ್ಥಿರ ಕಕ್ಷೆಯನ್ನು ಲೆಕ್ಕ ಹಾಕುವ ಬಗೆ

ಕೊನೆಯ ಸ್ಥಿರ ಕಕ್ಷೆಯೆಂದರೆ ಕಾಯವೊಂದು ಕಪ್ಪುಕುಳಿಯೊಳಕ್ಕೆ ಬೀಳದೆ ಸ್ಥಿರವಾಗಿ ಸುತ್ತಬಲ್ಲ ಅತಿ ಒಳಗಿನ ವೃತ್ತಾಕಾರದ ಕಕ್ಷೆ. ತಿರುಗುವ ಕಪ್ಪುಕುಳಿಯು ತನ್ನ ಸುತ್ತಲಿನ ದೇಶಕಾಲವನ್ನೂ ತನ್ನೊಡನೆ ಎಳೆದೊಯ್ಯುವುದರಿಂದ, ಅಲ್ಲಿನ ಕಕ್ಷೆಯನ್ನು ಲೆಕ್ಕ ಹಾಕಲು ದ್ರವ್ಯರಾಶಿಯಷ್ಟೇ ಸಾಲದು. ಸುತ್ತುವ ಕಾಯದ ದಿಕ್ಕೂ ತಿಳಿದಿರಬೇಕು. ಈ ಲೆಕ್ಕಕ್ಕೆ, ಐನ್‌ಸ್ಟೈನರ ಗುರುತ್ವ ಸಮೀಕರಣಗಳಿಗೆ ರಾಯ್ ಕೆರ್ 1963ರಲ್ಲಿ ಕಂಡುಕೊಂಡ ಪರಿಹಾರವೇ ಆಧಾರ.

ಮೊದಲು ಉದ್ದದ ಮಾನವನ್ನು ನಿಗದಿಪಡಿಸಿಕೊಳ್ಳಿ. ದ್ರವ್ಯರಾಶಿಯನ್ನು ಗುರುತ್ವ ಸ್ಥಿರಾಂಕದಿಂದ ಗುಣಿಸಿ, ಬೆಳಕಿನ ವೇಗದ ವರ್ಗದಿಂದ ಭಾಗಿಸಿದರೆ ಅದು ದೊರೆಯುತ್ತದೆ: ಸೂರ್ಯನಿಗೆ 1.477 ಕಿ.ಮೀ., ಸೂರ್ಯನ ಹತ್ತರಷ್ಟು ಭಾರದ ಕಪ್ಪುಕುಳಿಗೆ 14.77 ಕಿ.ಮೀ. ಕಪ್ಪುಕುಳಿ ಎಷ್ಟು ಬಿರುಸಾಗಿ ತಿರುಗುತ್ತಿದೆ ಎಂದು ಹೇಳುವ ಭ್ರಮಣಾಂಕ ‘ಸ’ ಸೊನ್ನೆಯಿಂದ 1ರ ನಡುವೆ ಇರುತ್ತದೆ. ಸಮಭಾಜಕ ತಲದಲ್ಲಿನ ವೃತ್ತಾಕಾರದ ಕಕ್ಷೆಗಳಿಗೆ ಬಾರ್ಡೀನ್, ಪ್ರೆಸ್ ಮತ್ತು ಟ್ಯುಕೋಲ್ಸ್ಕಿ 1972ರಲ್ಲಿ ಕೊಟ್ಟ ಸೂತ್ರ ಹೀಗಿದೆ (ಮ, ನ ಎಂಬವು ನಡುವಿನ ಹಂತದ ಸಂಖ್ಯೆಗಳು; ತ್ರಿಜ್ಯವು ಮೇಲಿನ ಉದ್ದದ ಮಾನದ ಎಷ್ಟು ಪಟ್ಟು ಎಂಬುದು ಸಿಗುತ್ತದೆ):

ಮ = 1 + ∛(1−ಸ²) × [∛(1+ಸ) + ∛(1−ಸ)]
ನ = √(3ಸ² + ಮ²)
ತ್ರಿಜ್ಯ = 3 + ನ ∓ √[(3−ಮ)(3+ಮ+2ನ)]

ಭ್ರಮಣದ ದಿಕ್ಕಿನಲ್ಲೇ ಸುತ್ತುವ ಕಾಯಕ್ಕೆ ಕಳೆಯುವ ಚಿಹ್ನೆಯನ್ನೂ ಎದುರು ಸುತ್ತುವುದಕ್ಕೆ ಕೂಡುವ ಚಿಹ್ನೆಯನ್ನೂ ಬಳಸಬೇಕು. ಹೆಚ್ಚಿನವರು ಎಡವುವುದು ಇಲ್ಲಿಯೇ. ಆದ್ದರಿಂದ ಮುಂದುವರಿಯುವ ಮೊದಲು ಸ = 0 ಇಟ್ಟರೆ 6, ಸ = 1 ಇಟ್ಟರೆ 1 ಮತ್ತು 9 ಬರುತ್ತವೆಯೇ ಎಂದು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಸ = 0.9 ಆದಾಗ ಮ = 1.979, ನ = 2.519, ತ್ರಿಜ್ಯಗಳು 2.32 ಮತ್ತು 8.72. ಸೂರ್ಯನ ಹತ್ತರಷ್ಟು ಭಾರದ ನಮ್ಮ ಉದಾಹರಣೆಯಲ್ಲಿ, 14.77 ಕಿ.ಮೀ.ಯಿಂದ ಗುಣಿಸಿದಾಗ, ಇವು ಸುಮಾರು 34 ಮತ್ತು 129 ಕಿ.ಮೀ. ಆಗುತ್ತವೆ. ಇದು ನಿರ್ದೇಶಾಂಕದ ತ್ರಿಜ್ಯವೇ ಹೊರತು ಟೇಪು ಹಿಡಿದು ಅಳೆಯಬಹುದಾದ ದೂರವಲ್ಲ.

ಒಂದು ಸುತ್ತಿನ ಅವಧಿಗೆ, ತ್ರಿಜ್ಯದ ಒಂದೂವರೆ ಘಾತಕ್ಕೆ ‘ಸ’ವನ್ನು ಕೂಡಿಸಿ (ಎದುರು ಕಕ್ಷೆಯಾದರೆ ಕಳೆದು), 2π ಮತ್ತು ಕಾಲಮಾನದಿಂದ ಗುಣಿಸಿ. ಕಾಲಮಾನವೆಂದರೆ ಬೆಳಕು 14.77 ಕಿ.ಮೀ. ಸಾಗಲು ಬೇಕಾದ 49.25 ಮೈಕ್ರೋಸೆಕೆಂಡು. ದೂರದ ವೀಕ್ಷಕನಿಗೆ ಮೊದಲ ಕಕ್ಷೆಯಲ್ಲಿ ಸೆಕೆಂಡಿಗೆ ಸುಮಾರು 728 ಸುತ್ತುಗಳೂ ಎದುರು ಕಕ್ಷೆಯಲ್ಲಿ 130 ಸುತ್ತುಗಳೂ ಕಾಣುತ್ತವೆ; ಭ್ರಮಣವೇ ಇಲ್ಲದಿದ್ದರೆ ಅದು 220.

ತ್ರಿಜ್ಯ 2ಕ್ಕಿಂತ ಕಡಿಮೆಯಾದರೆ ಕಕ್ಷೆಯು ಸ್ಥಿರಮಿತಿಯ ಒಳಗಿದೆ ಎಂದರ್ಥ. ‘ಸ’ ಸುಮಾರು 0.943ನ್ನು ದಾಟಿದಾಗ ಹೀಗಾಗುತ್ತದೆ. ಅಲ್ಲಿ ಯಾವ ವಸ್ತುವೂ ನಿಶ್ಚಲವಾಗಿ ನಿಲ್ಲಲಾರದು. ಈ ಮಿತಿಗೂ, ಬೆಳಕೂ ಹೊರಬರಲಾರದ ಗಡಿಯಾದ ಘಟನಾ ದಿಗಂತಕ್ಕೂ ಇರುವ ಭೇದವನ್ನು 1968ರಲ್ಲಿ ವಿವರಿಸಿದವರಲ್ಲಿ ಬೆಂಗಳೂರಿನ ಸಿ. ವಿ. ವಿಶ್ವೇಶ್ವರ ಅವರು ಪ್ರಮುಖರು.

ಕಕ್ಷೆಯು ಸಮಭಾಜಕ ತಲಕ್ಕೆ ಓರೆಯಾಗಿದ್ದರೆ ಮೇಲಿನ ಸೂತ್ರ ಸಲ್ಲದು. ಆಗ ಕಕ್ಷಾತಲವೇ ಭ್ರಮಣಾಕ್ಷದ ಸುತ್ತ ಹೊರಳುವುದರಿಂದ, ಶಕ್ತಿ ಮತ್ತು ಕೋನೀಯ ಸಂವೇಗಗಳ ಜೊತೆಗೆ ಬ್ರಾಂಡನ್ ಕಾರ್ಟರ್ 1968ರಲ್ಲಿ ಗುರುತಿಸಿದ, ಚಲನೆಯುದ್ದಕ್ಕೂ ಬದಲಾಗದ ಇನ್ನೊಂದು ಸ್ಥಿರಾಂಕವನ್ನೂ ಹಿಡಿದು, ಚಲನೆಯ ಸಮೀಕರಣಗಳನ್ನು ಗಣಕದಲ್ಲಿ ಹಂತಹಂತವಾಗಿ ಬಿಡಿಸಬೇಕು.