ಸ್ಯಾಶ್ ಕಿಟಕಿ ರಿಪೇರಿ: ತೂಕ, ಹುರಿ, ಪುಟ್ಟಿ

ಲಂಡನ್ನಿನ ವಿಕ್ಟೋರಿಯಾ ಕಾಲದ ಸಾಲುಮನೆಗಳಿಗೆ ಕಳೆ ಬರುವುದೇ ಸ್ಯಾಶ್ ಕಿಟಕಿಗಳಿಂದ, ಅಂದರೆ ಎರಡು ಕದಗಳು ಒಂದರ ಮುಂದೊಂದು ಮೇಲಕ್ಕೂ ಕೆಳಕ್ಕೂ ಜಾರುವ ಕಿಟಕಿಗಳಿಂದ. ಇಂಗ್ಲೆಂಡಿನಲ್ಲಿ ಗಾಜಿನ ಸುಂಕ 1845ರಲ್ಲಿ, ಕಿಟಕಿ ತೆರಿಗೆ 1851ರಲ್ಲಿ ರದ್ದಾಯಿತು. ಸಣ್ಣ ಸಣ್ಣ ಗಾಜುಗಳಿದ್ದ ಕಡೆ ಒಂದೆರಡು ದೊಡ್ಡ ಗಾಜು ಬಂದವು. ಭಾರ ಹೆಚ್ಚಿ ಮೂಲೆ ಸಡಿಲವಾಗಬಾರದೆಂದು ಮೇಲಿನ ಕದದ ಕೆಳಮೂಲೆಗಳಲ್ಲಿ ಕೊಂಬು (ಪಕ್ಕದ ಮರವನ್ನೇ ತುಸು ಕೆಳಕ್ಕೆ ಚಾಚಿದ ತುದಿ) ಬಿಡುವ ರೂಢಿ ಹರಡಿತು. ಸಾಲಿನಲ್ಲಿ ಒಂದೇ ಮನೆಗೆ ಪ್ಲಾಸ್ಟಿಕ್ ಕಿಟಕಿ ಬಂದರೂ ಇಡೀ ಸಾಲು ಕೆಡುತ್ತದೆ.

ಮನೆ ಕಾನೂನಿನ ರಕ್ಷಣೆಯಿರುವ ಚಾರಿತ್ರಿಕ ಕಟ್ಟಡಗಳ ಗ್ರೇಡ್ 2 ಪಟ್ಟಿಯಲ್ಲಿದ್ದರೆ, ಅನುಮತಿಯಿಲ್ಲದೆ ಅದರ ಸ್ವರೂಪ ಬದಲಿಸುವುದು 1990ರ ಕಾಯಿದೆಯಂತೆ ಅಪರಾಧ. ಇದ್ದದ್ದನ್ನು ಇದ್ದಂತೆ ರಿಪೇರಿ ಮಾಡಲು ಸಾಮಾನ್ಯವಾಗಿ ಅನುಮತಿ ಬೇಕಿಲ್ಲ. ಆದರೂ ಕೌನ್ಸಿಲ್‌ನ ಸಂರಕ್ಷಣಾ ಅಧಿಕಾರಿಗೆ ಫೋಟೊ ಕಳಿಸಿ, ಲಿಖಿತ ಉತ್ತರ ಬಂದ ಮೇಲೆಯೇ ನಾನು ಉಳಿ ಹಿಡಿಯುವುದು.

ಮೊದಲು ಒಳಬದಿಯ ಅಂಚುಪಟ್ಟಿ ಬಿಚ್ಚಬೇಕು. ಉದ್ದದ ಪಟ್ಟಿಯ ನಡುವಿನಿಂದ ಎಬ್ಬಿಸಿದರೆ ಅದು ಬಾಗಿ ಹೊರಬರುತ್ತದೆ. ಮೂಲೆಯಿಂದ ಎಬ್ಬಿಸಿದರೆ ಮೂಲೆ ಸೀಳುತ್ತದೆ. ಕೆಳಗಿನ ಕದ ತೆಗೆದು, ಎರಡು ಕದಗಳ ನಡುವಿನ ತೆಳುಪಟ್ಟಿ ಕಿತ್ತು, ಆಮೇಲೆ ಮೇಲಿನ ಕದ. ತೆಳುಪಟ್ಟಿ ಬಹುಪಾಲು ಮುರಿಯುತ್ತದೆ, ಹೊಸದನ್ನು ತಂದಿಟ್ಟುಕೊಂಡಿರಿ. ಹಳೆಯ ಬಣ್ಣದಲ್ಲಿ ಸೀಸ ಇರುತ್ತದೆ: ಒಣ ಉಜ್ಜು ಬೇಡವೇ ಬೇಡ. ನೀರು ಹಾಕಿ ಉಜ್ಜಬೇಕು, ಮಾಸ್ಕ್ ಹಾಕಿಕೊಳ್ಳಬೇಕು.

ಹೆಚ್ಚು ಜನ ಎಡವುವುದು ತೂಕದಲ್ಲಿ. ಚೌಕಟ್ಟಿನ ಪಕ್ಕದ ಪೆಟ್ಟಿಗೆಯೊಳಗೆ ಎರಕದ ಕಬ್ಬಿಣದ ಗುಂಡುಗಳು ತೂಗಾಡುತ್ತವೆ. ಗುಂಡಿಗೆ ಕಟ್ಟಿದ ಹುರಿ ಚೌಕಟ್ಟಿನ ಮೇಲ್ಭಾಗದ ರಾಟೆಯ ಮೇಲೆ ಹಾದು ಕದದ ಪಕ್ಕಕ್ಕೆ ಸೇರುತ್ತದೆ, ಹೀಗೆ ಗುಂಡು ಕದದ ಭಾರವನ್ನು ಸರಿದೂಗಿಸುತ್ತದೆ. ಪಕ್ಕದ ಹಲಗೆಯ ಕೆಳಭಾಗದ ಸಣ್ಣ ಮುಚ್ಚಳ ತೆಗೆದರೆ ಕೈಗೆ ಸಿಗುತ್ತವೆ. ಕದವನ್ನು ಗಾಜು ಸಮೇತ ತೂಗಿ. 14 ಕಿಲೊ ಇದ್ದರೆ ಮೇಲಿನ ಕದಕ್ಕೆ ಒಂದೊಂದು ಬದಿಗೆ ಸುಮಾರು 7.25 ಕಿಲೊ, ಕೆಳಗಿನದಕ್ಕೆ 6.75. ಮೇಲಿನದನ್ನು ಗುಂಡು ಎತ್ತಿ ಹಿಡಿಯಬೇಕು, ಕೆಳಗಿನದು ತನ್ನ ಭಾರಕ್ಕೇ ಮುಚ್ಚಿಕೊಳ್ಳಬೇಕು. ಯಾರೋ ದಪ್ಪ ಗಾಜು ಹಾಕಿ ಗುಂಡು ಹಾಗೇ ಬಿಟ್ಟಿದ್ದರೆ ಮೇಲಿನ ಕದ ಜಾರುತ್ತಲೇ ಇರುತ್ತದೆ. ಪೆಟ್ಟಿಗೆಯಲ್ಲಿ ಜಾಗ ಕಡಿಮೆಯಿದ್ದರೆ ಸೀಸದ ಗುಂಡು ಹಾಕಿ, ಅದೇ ಗಾತ್ರಕ್ಕೆ ಹೆಚ್ಚು ತೂಕ ಬರುತ್ತದೆ.

ಹುರಿ ಮೇಣ ಸವರಿದ ಹತ್ತಿಯದಾಗಿರಲಿ. ಕದ ಪೂರ್ತಿ ಮೇಲಿದ್ದಾಗ ಗುಂಡು ಪೆಟ್ಟಿಗೆಯ ತಳದಿಂದ 50 ಮಿ.ಮೀ.ನಷ್ಟು ಮೇಲೆ ನಿಲ್ಲಬೇಕು. ತಳ ಮುಟ್ಟಿದರೆ ಹುರಿ ಸಡಿಲಾಗಿ ರಾಟೆಯಿಂದ ಜಾರುತ್ತದೆ. ಹುರಿಯನ್ನು ಕದದ ಪಕ್ಕಕ್ಕೆ ಹೊಡೆಯುವಾಗ, ಕದ ಮೇಲಕ್ಕೇರಿದಾಗಲೂ ಮೇಲಿನ ಮೊಳೆ ರಾಟೆಯ ಅಚ್ಚಿಗಿಂತ ಕೆಳಗೇ ಉಳಿಯಬೇಕು. ಇಲ್ಲದಿದ್ದರೆ ಕದ ಕೊನೆಯ ಕೆಲವು ಅಂಗುಲ ಏರುವುದೇ ಇಲ್ಲ.

ಹಳೆಯ ಗಾಜಿನ ಅಲೆಯಲ್ಲಿ ಬೆಳಕು ನಡುಗುವ ಸೊಗಸು ಹೊಸ ಗಾಜಿಗಿಲ್ಲ. ಹಳೆಯ ಗಾಜನ್ನು ಉಳಿಸಲು, ಅದನ್ನು ಮರಕ್ಕೆ ಹಿಡಿದಿಟ್ಟಿರುವ ಪುಟ್ಟಿಯನ್ನು ಇನ್‌ಫ್ರಾರೆಡ್ ದೀಪದಿಂದ ಮೆತ್ತಗೆ ಮಾಡಿ ತೆಗೆಯುತ್ತೇನೆ. ಹೀಟ್ ಗನ್ನಿನ ಬಿಸಿ ಒಂದೇ ಕಡೆ ಬಿದ್ದು ಗಾಜು ಸಿಡಿಯುತ್ತದೆ. ಹೊಸ ಪುಟ್ಟಿ ಅಗಸೆ ಎಣ್ಣೆಯದು. ಗಾಜು ಕೂರುವ ತೋಡಿಗೆ ಮೊದಲು ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ಒಣ ಮರ ಎಣ್ಣೆ ಹೀರಿಕೊಂಡು ಪುಟ್ಟಿ ಬಿರುಕು ಬಿಡುತ್ತದೆ. ಮೇಲೆ ಪದರ ಕಟ್ಟಲು ಒಂದೆರಡು ವಾರ ಬಿಟ್ಟು ಬಣ್ಣ ಹೊಡೆಯಿರಿ. ಬಣ್ಣ ಗಾಜಿನ ಮೇಲೆ 2 ಮಿ.ಮೀ. ಹತ್ತಿರಲಿ, ಆಗ ಮಳೆನೀರು ಪುಟ್ಟಿಯ ಸಂದಿಗೆ ಇಳಿಯುವುದಿಲ್ಲ. ಹುರಿಗೆ ಮಾತ್ರ ಬಣ್ಣ ತಾಗಿಸಬೇಡಿ. ಗಟ್ಟಿಯಾಗಿ ರಾಟೆಯ ಬಳಿ ಬೇಗ ತುಂಡಾಗುತ್ತದೆ.